ನಲವತ್ತು ಸೂಜಿ, ನಲವತ್ಮೂರು ಬೆರಳು

ಎಪ್ಪತ್ತೊಂದು ದಿನ. ಹಲ್ಲುಜ್ಜುತ್ತ ಮತ್ತೆ ಎಣಿಸಿದ, ಎಪ್ಪತ್ತೊಂದೇ. ನಿನ್ನೆ ಎಪ್ಪತ್ತಿತ್ತು, ನಾಳೆ ಎಪ್ಪತ್ತೆರಡಾಗುತ್ತದೆ, ಇದರಲ್ಲಿ ಎಣಿಸುವಂಥದ್ದೇನೂ ಇಲ್ಲವೆಂದು ಗೊತ್ತಿದ್ದರೂ ಎದ್ದ ಕೂಡಲೇ ಮನಸ್ಸು ತಾನಾಗಿ ಅದೇ ಲೆಕ್ಕಕ್ಕೆ ಕೂರುತ್ತಿತ್ತು. ನೀರಿನಿಂದ ಬರುವ ಕಾಮಾಲೆಯಾದರೆ ವಿಷಾಣು ಒಳಹೊಕ್ಕ ಎರಡು ವಾರದಿಂದ ಏಳು ವಾರದೊಳಗೆ ಕಾಣಿಸಿಕೊಳ್ಳುತ್ತದೆ. ರಕ್ತದಿಂದ ಬರುವುದಾದರೆ ಆರು ವಾರದಿಂದ ಆರು ತಿಂಗಳು. ಒಂಬತ್ತನೆಯ ತರಗತಿಗೆ ರಕ್ತದ ಗುಂಪಿನ ಪ್ರಯೋಗ ಮಾಡಿಸಿ ಎಪ್ಪತ್ತೊಂದು ದಿನವಾಗಿತ್ತು. ಕಿಟಕಿ ಪಕ್ಕ ಕೂರುವ ಹುಡುಗಿ ಕಣ್ಣು ಹಳದಿಯಾಗಿ ಹಾಸಿಗೆ ಹಿಡಿದದ್ದು ಅರವತ್ತನೆಯ ದಿನ. ಅರವತ್ತು ದಿನವೆಂದರೆ ಎಂಟೂವರೆ ವಾರ. ಆರು ವಾರಕ್ಕೂ ಆರು ತಿಂಗಳಿಗೂ ನಡುವೆ ಸರಿಯಾಗಿ ಬಂದು ಕೂತಿತ್ತು. ನೀರನ್ನು ಅವಳು ಯಾವ ದಿನ ಬೇಕಾದರೂ ಕುಡಿದಿರಬಹುದು, ಆದ್ದರಿಂದ ಈ ಲೆಕ್ಕದಿಂದ ಏನೂ ಸಾಬೀತಾಗುವುದಿಲ್ಲ ಎಂದು ಹದಿನೇಳು ವರ್ಷ ಜೀವಶಾಸ್ತ್ರ ಪಾಠ ಮಾಡಿದ ತಲೆ ಹೇಳುತ್ತಿತ್ತು. ಆದರೂ ಹನ್ನೊಂದು ದಿನದಿಂದ ಲೆಕ್ಕ ನಿಂತಿರಲಿಲ್ಲ.

ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆಯನ್ನು ಎಳೆದು ನೋಡಿಕೊಂಡ. ಬಿಳಿ. ಬಿಳಿಯೇ, ಅಥವಾ ಅಂಚಿನಲ್ಲಿ ಒಂಚೂರು? ದೀಪ ಆರಿಸಿ ಕಿಟಕಿಯ ಬೆಳಕಿಗೆ ಮುಖ ತಿರುಗಿಸಿದ. "ಏನ್ರೀ ಅದು, ದಿನಾ ಬೆಳಗ್ಗೆ ಕಣ್ಣೊಳಗೆ ಹುಡುಕಾಟ? ಹೊಸ ಜೀವಿ ಏನಾದ್ರೂ ಸಿಕ್ತಾ?" ಅಂಚೆ ಕಚೇರಿಗೆ ಹೊರಡುವ ಅವಸರದಲ್ಲಿ ಹೆಂಡತಿ ಕೂದಲಿಗೆ ಪಿನ್ನು ಸಿಕ್ಕಿಸಿಕೊಳ್ಳುತ್ತ ಕೇಳಿದಳು. "ಸಿಕ್ಕಿದ್ರೆ ನಿನ್ನ ಹೆಸರೇ ಇಡ್ತೀನಿ ಬಿಡು" ಎಂದ. ಅವಳು ನಕ್ಕಳು. ಸದ್ಯ, ನಕ್ಕಳಲ್ಲಾ ಎನ್ನಿಸಿತು. ಆದರೆ ನಗು ಮುಗಿದ ಮೇಲೂ ಅವಳು ಅಲ್ಲೇ ನಿಂತಿದ್ದಳು. "ಅಲ್ಲಾ, ಉಗುರು ಕತ್ತರೀನ ಯಾಕೆ ಬೀಗ ಹಾಕಿ ಇಟ್ಟಿದೀರಿ? ಟವೆಲ್ ಬೇರೆ, ಲೋಟ ಬೇರೆ. ನಿನ್ನೆ ಮಗು ಅರ್ಧ ಕಚ್ಚಿದ ಬಿಸ್ಕತ್ತು ನಿಮ್ಮ ಬಾಯಿಗಿಡೋಕೆ ಬಂದ್ರೆ ಹಾವು ಕಂಡೋರ ಹಾಗೆ ಹಿಂದೆ ಹೋದ್ರಿ. ಅಷ್ಟು ಹೊತ್ತು ಅತ್ತಿದಾಳೆ, ಗೊತ್ತಾ?" ಗೊತ್ತಿತ್ತು. ಪಕ್ಕದ ಕೋಣೆಯಲ್ಲಿ ಕೂತು ಆ ಅಳುವನ್ನು ಕೇಳಿದ್ದ. ಬಿಸ್ಕತ್ತಿನಿಂದ ಬರುವ ರೋಗವಲ್ಲ ಅದು, ಅದೂ ಗೊತ್ತಿತ್ತು. ಪರೀಕ್ಷೆಯಲ್ಲಿ ಯಾವ ಹುಡುಗಿಯಾದರೂ ಹಾಗೆ ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದ. "ಶೀತ ಇತ್ತು ಕಣೇ" ಎಂದು ಹೇಳಿ ಅಂಗಿಯ ಗುಂಡಿ ಹಾಕಿಕೊಳ್ಳಲು ಶುರುಮಾಡಿದ, ಒಂದು ಗುಂಡಿ ತಪ್ಪಿ ಎಲ್ಲವೂ ತಪ್ಪಾಯಿತು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಹಾಸ್ಟೆಲಿನಲ್ಲಿದ್ದಾಗ, ಅವನಿಗೂ ಕಾಮಾಲೆ ಆಗಿತ್ತು. ಒಂದೂವರೆ ತಿಂಗಳು ಮಲಗಿದ್ದ, ವಾಸಿಯಾಯಿತು, ಮರೆತ. ಯಾವ ಬಗೆಯದೆಂದು ಆಗ ಯಾರೂ ನೋಡಲಿಲ್ಲ, ಆಮೇಲೆ ಅವನೂ ನೋಡಿಸಲಿಲ್ಲ. ಕೆಲವರಲ್ಲಿ ಅದು ವಾಸಿಯಾದಂತೆ ಕಂಡು ರಕ್ತದಲ್ಲೇ ಉಳಿದುಬಿಡುತ್ತದೆ, ಹೊತ್ತವನಿಗೆ ಏನೂ ಆಗುವುದಿಲ್ಲ, ಅವನಿಂದ ಬೇರೆಯವರಿಗೆ ಹೋಗುತ್ತದೆ. ಇದನ್ನು ಅವನೇ ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು, "ಮುಖ್ಯ, ಬರ್ಕೊಳ್ಳಿ" ಎಂದು ಹೇಳಿಕೊಟ್ಟಿದ್ದ. ಶಾಲೆಗೆ ಹೋಗುವ ದಾರಿಯಲ್ಲಿ, ಔಷಧಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ ಒಂದು ರಕ್ತಪರೀಕ್ಷೆಯ ಲ್ಯಾಬ್ ಇತ್ತು. ಈ ಹನ್ನೊಂದು ದಿನದಲ್ಲಿ ಎರಡು ಸಲ ಆ ಮೆಟ್ಟಿಲು ಹತ್ತಿದ್ದ. ಒಂದು ಸಲ ಬಾಗಿಲವರೆಗೆ ಹೋಗಿ, ಒಳಗಿದ್ದ ಹುಡುಗಿ "ಬನ್ನಿ ಸರ್, ಏನು ಟೆಸ್ಟು?" ಎಂದದ್ದಕ್ಕೆ "ಇಲ್ಲಿ ದಂತವೈದ್ಯರು ಇದ್ರಲ್ಲ?" ಎಂದು ಕೇಳಿ, ಇಲ್ಲವೆಂದಾಗ ದೊಡ್ಡದಾಗಿ ನಿರಾಶೆ ನಟಿಸಿ ಇಳಿದು ಬಂದಿದ್ದ. ಇವತ್ತು ಆ ಮೆಟ್ಟಿಲನ್ನು ನೋಡದೆ ರಸ್ತೆಯ ಆಚೆ ಬದಿಗೆ ದಾಟಿ ನಡೆದ.

ಮೊದಲ ಪಿರಿಯಡ್ಡೇ ಒಂಬತ್ತನೆಯ ತರಗತಿ. ಬಾಗಿಲಿಗೆ ಬರುವಷ್ಟರಲ್ಲಿ ಒಳಗಿಂದ "ಅಮೀಬಾ ಬಂತು, ಅಮೀಬಾ" ಎಂಬ ಪಿಸುಮಾತು, ಬೆಂಚುಗಳ ಕಿರುಗುಟ್ಟುವಿಕೆ. ಈ ಹೆಸರು ಅವನಿಗೆ ಬಿದ್ದು ಹದಿನಾರು ವರ್ಷವಾಗಿತ್ತು. ಒಂದೇ ಗೆರೆಯಲ್ಲಿ, ಸೀಮೆಸುಣ್ಣ ಎತ್ತದೆ, ಚೆಂದದ ಅಮೀಬಾ ಬರೆಯುತ್ತಾನೆಂದು ಬಿದ್ದ ಹೆಸರು. ಹೆಡ್‌ಮಿಸ್ಟ್ರೆಸ್ ಮುಂದೆ ಒಂದು ಆಕಾರ, ಪೋಷಕರ ಮುಂದೆ ಇನ್ನೊಂದು, ಹೆಂಡತಿಯ ಮುಂದೆ ಮತ್ತೊಂದು ಎಂದು ಅವನೇ ಅದಕ್ಕೆ ಬೇರೆ ಅರ್ಥ ಹಚ್ಚಿಕೊಂಡಿದ್ದ. ಬೋರ್ಡಿನ ಮೇಲೆ ಬರೆದ: ವೀಕ್ಷಣೆ, ಊಹೆ, ಪ್ರಯೋಗ, ಫಲಿತಾಂಶ, ತೀರ್ಮಾನ. ಕಿಟಕಿ ಪಕ್ಕದ ಜಾಗ ಖಾಲಿಯಿತ್ತು. ಅಲ್ಲಿ ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. "ಊಹೆ ಅಂದ್ರೆ ಬಾಯಿಗೆ ಬಂದದ್ದು ಹೇಳೋದಲ್ಲ. ಅದು ತಪ್ಪು ಅಂತ ತೋರಿಸೋಕೆ ಒಂದು ದಾರಿ ಇರಬೇಕು. ಆ ದಾರಿ ಹಿಡಿಯೋದೇ ಪ್ರಯೋಗ. ಫಲಿತಾಂಶ ನಿಮಗೆ ಇಷ್ಟ ಆಗದಿದ್ರೂ ಬಂದದ್ದು ಬಂದ ಹಾಗೇ ಬರೀಬೇಕು." ಇಷ್ಟು ಹೇಳುವಾಗ ತನ್ನ ದನಿ ತನಗೇ ರೇಡಿಯೋದಲ್ಲಿ ಕೇಳಿದ ಹಾಗೆ ಕೇಳಿಸಿತು. ಎರಡನೆಯ ಬೆಂಚಿನಿಂದ ಒಂದು ಕೈ ಎದ್ದಿತು. ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ 'ಯಾಕೆ' ಎಂದು. ಮಾತು ಮಾತಿಗೆ ಯಾಕೆ ಸರ್, ಯಾಕೆ ಸರ್. ಸ್ಟಾಫ್ ರೂಮಿನಲ್ಲೂ ಅವಳಿಗೆ ಅದೇ ಹೆಸರು. ಹತ್ತು ಹನ್ನೊಂದು ದಿನದಿಂದ ಅವಳು ಏನೂ ಕೇಳಿರಲಿಲ್ಲ, ಅದನ್ನು ಅವನು ಗಮನಿಸಿಯೂ ಇರಲಿಲ್ಲ. "ಸರ್, ಪ್ರಯೋಗಾನೇ ಮಾಡದಿದ್ರೆ ಊಹೆ ಸುಳ್ಳೂ ಆಗಲ್ಲ, ನಿಜಾನೂ ಆಗಲ್ಲ ಅಲ್ವಾ ಸರ್? ಹಂಗೇ ಇದ್ದುಬಿಡುತ್ತೆ ಅಲ್ವಾ?" ಕ್ಲಾಸು ಗೊಳ್ಳೆಂದಿತು. ಇವಳಿಗೆ ಏನು ಗೊತ್ತು? ಇವಳು ಯಾಕೆ ಹೀಗೆ ಕೇಳಿದಳು? "ಹಂಗೇ ಇರುತ್ತೆ, ಕೂತ್ಕೋ" ಎಂದು ಗದರಿದ.

ಇವಳೂ ಆ ಮೂವರಲ್ಲಿ ಒಬ್ಬಳು. ರಕ್ತದ ಗುಂಪು ನೋಡಿದ ದಿನ ಡಬ್ಬಿಯಲ್ಲಿ ನಲವತ್ತು ಸೂಜಿಗಳಿದ್ದವು, ಬೆರಳು ಚುಚ್ಚುವ ಪುಟ್ಟ ಸೂಜಿಗಳು, ಒಬ್ಬೊಬ್ಬರಿಗೆ ಒಂದೊಂದು, ಚುಚ್ಚಿ ಎಸೆಯುವಂಥವು. ಬಂದ ಹುಡುಗಿಯರು ನಲವತ್ತೆರಡು. ನಲವತ್ತೈದು ಕೇಳಬೇಕೆಂದಿದ್ದ, ಆದರೆ ಹಿಂದಿನ ಸಲ ಕಪ್ಪೆಯ ಮಾದರಿ ಕೇಳಿದಾಗ ಹೆಡ್‌ಮಿಸ್ಟ್ರೆಸ್ ಸ್ಟಾಫ್ ರೂಮಿನಲ್ಲಿ ಎಲ್ಲರೆದುರಿಗೆ "ಸರ್ ಇಲ್ಲಿ ಮೆಡಿಕಲ್ ಕಾಲೇಜು ತೆಗೀತಾರಂತೆ" ಎಂದು ನಗಿಸಿದ್ದರು, ಗಣಿತದ ಮೇಷ್ಟರಂತೂ ಮೇಜು ತಟ್ಟಿ ನಕ್ಕಿದ್ದರು. ಹಾಗಾಗಿ ಇದ್ದಷ್ಟರಲ್ಲೇ ಮುಗಿಸಿದರಾಯಿತು ಎಂದುಕೊಂಡ. ಹುಡುಗಿಯರು ಹೆದರಿ ಒಬ್ಬರ ಹಿಂದೆ ಒಬ್ಬರು ಅಡಗುತ್ತಿದ್ದರು. "ನೋಡಿ, ಏನೂ ಆಗಲ್ಲ" ಎಂದು ಮೊದಲು ತನ್ನ ಉಂಗುರದ ಬೆರಳಿಗೇ ಚುಚ್ಚಿಕೊಂಡು, ಉರುಟಾಗಿ ಎದ್ದ ಹನಿಯನ್ನು ಎತ್ತಿ ತೋರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಸೂಜಿಯನ್ನು ಹತ್ತಿಯ ಮೇಲೆ ಇಟ್ಟ. ಉಳಿದ ಮೂವತ್ತೊಂಬತ್ತು ಮೂವತ್ತೊಂಬತ್ತು ಬೆರಳಿಗೆ ಹೋದವು. ಕೊನೆಗೆ ಸಾಲಿನಲ್ಲಿ ಮೂವರು ಉಳಿದರು, ಕೈ ಚಾಚಿಕೊಂಡು, ಉಸಿರು ಬಿಗಿಹಿಡಿದು, ಇಷ್ಟು ಹೊತ್ತು ಕಾದು ಕಾದು ಧೈರ್ಯ ತಂದುಕೊಂಡವರು. ಡಬ್ಬಿ ಖಾಲಿ. ನಿಮಗಿಲ್ಲ ಎಂದಿದ್ದರೆ ಆಗಿತ್ತು. ನಾಳೆ ಎಂದಿದ್ದರೆ ಆಗಿತ್ತು. ಅವನು ಹತ್ತಿಯ ಮೇಲಿದ್ದ ತನ್ನ ಸೂಜಿಯನ್ನು ಎತ್ತಿ, ಸ್ಪಿರಿಟ್ಟಿನಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿದ. ಫಳಫಳ ಹೊಳೆಯುತ್ತಿತ್ತು. ಮೊದಲು ಕಿಟಕಿ ಪಕ್ಕದವಳು. ಒರೆಸಿದ. ಆಮೇಲೆ 'ಯಾಕೆ'. ಒರೆಸಿದ. ಆಮೇಲೆ ಎರಡು ಜಡೆಯ ಮಾತಾಡದ ಹುಡುಗಿ. ಕಣ್ಣಿಗೆ ಕಾಣದಿದ್ದರೂ ಸೂಕ್ಷ್ಮಜೀವಿ ಇರುತ್ತದೆ ಎಂದು ಸೂಕ್ಷ್ಮದರ್ಶಕದ ಮುಂದೆ ನಿಂತು ವರ್ಷ ವರ್ಷ ಹೇಳುವವನು, ಫಳಫಳ ಹೊಳೆಯುವುದನ್ನು ಕಂಡು ಶುಚಿಯಾಗಿದೆ ಎಂದು ನಂಬಿದ. ನಂಬಲಿಲ್ಲ, ನಂಬಿದಂತೆ ಮಾಡಿದ, ಯಾಕೆಂದರೆ ಗಂಟೆ ಹೊಡೆಯಲು ಏಳು ನಿಮಿಷವಿತ್ತು.

"ಸರ್." ಬಾಗಿಲಲ್ಲಿ ಹೆಡ್‌ಮಿಸ್ಟ್ರೆಸ್ ನಿಂತಿದ್ದರು, ಹಿಂದೆ ಕೈಯಲ್ಲಿ ಫೈಲು ಹಿಡಿದ ಚಿಕ್ಕ ವಯಸ್ಸಿನ ಹೆಂಗಸು. "ಆರೋಗ್ಯ ಇಲಾಖೆ ಡಾಕ್ಟ್ರು. ನಮ್ಮ ಹುಡುಗಿಗೆ ಕಾಮಾಲೆ ಆಗಿದೆಯಲ್ಲ, ಅದರ ವಿಚಾರಣೆಗೆ ಬಂದಿದಾರೆ. ನೀವು ಜೀವಶಾಸ್ತ್ರದೋರು, ಜೊತೆಗೆ ಹೋಗಿ ಎಲ್ಲ ತೋರಿಸಿ. ಕ್ಲಾಸ್ ನಾನು ನೋಡ್ಕೋತೀನಿ." ಅವನ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು. ಕಳ್ಳನ ಕೈಗೇ ಲಾಟೀನು ಕೊಟ್ಟು ಹುಡುಕು ಎಂದಂತಾಯಿತಲ್ಲ ಎಂದುಕೊಂಡು ಒಳಗೊಳಗೇ ನಗು ಬಂತು, ಆ ನಗುವಿಗೂ ಹೆದರಿದ. "ಬನ್ನಿ ಬನ್ನಿ ಡಾಕ್ಟ್ರೇ" ಎಂದ, ಅಗತ್ಯಕ್ಕಿಂತ ಜೋರಾಗಿ.

ತಾರಸಿಗೆ ಹೋಗುವ ಕಬ್ಬಿಣದ ಏಣಿಯನ್ನು ಡಾಕ್ಟರು ಅವನಿಗಿಂತ ಬೇಗ ಹತ್ತಿದರು. ನೀರಿನ ಟ್ಯಾಂಕಿನ ಮುಚ್ಚಳ ಅರ್ಧ ಸರಿದಿತ್ತು, ಒಳಗೋಡೆಗೆ ಪಾಚಿ. ಡಾಕ್ಟರು ಬಾಟಲಿಯಲ್ಲಿ ನೀರು ತುಂಬಿ ಚೀಟಿ ಅಂಟಿಸಿ, ದಿನ, ಹೊತ್ತು ಬರೆದರು. ಕೆಲಸ ನೋಡಲು ಚೆನ್ನಾಗಿತ್ತು; ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬೇರೆ ದಿನವಾಗಿದ್ದರೆ ಹುಡುಗಿಯರನ್ನು ಕರೆದು ತೋರಿಸುತ್ತಿದ್ದ. "ಎಷ್ಟು ಮಕ್ಕಳಿದಾರೆ ಸರ್?" "ಆರುನೂರ ಹನ್ನೆರಡು." "ಎಲ್ಲರೂ ಇದೇ ನೀರಾ?" "ಮುಕ್ಕಾಲು ಪಾಲು." ಡಾಕ್ಟರು ಪೆನ್ನಿನಿಂದ ತಲೆ ಕೆರೆದುಕೊಂಡರು. "ಅಷ್ಟೂ ಜನ ಕುಡಿಯೋ ನೀರಲ್ಲಿ ಇದ್ದಿದ್ರೆ ಒಬ್ಬಳಿಗೇ ಯಾಕೆ ಬಂತು? ನೀವೇ ಹೇಳಿ." "ಒಬ್ಬೊಬ್ಬರ ರೋಗನಿರೋಧಕ ಶಕ್ತಿ ಒಂದೊಂದು ಥರ..." "ಅದೂ ಇರಬಹುದು. ಬೇರೆ ದಾರಿಯಿಂದ್ಲೂ ಬಂದಿರಬಹುದು. ಯಾವ ಬಗೆ ಅಂತ ರಿಪೋರ್ಟು ಮಧ್ಯಾಹ್ನ ಬರುತ್ತೆ. ರಕ್ತದ್ದಾದ್ರೆ ಸೂಜಿ, ಬ್ಲೇಡು ಎಲ್ಲ ನೋಡ್ಬೇಕಾಗುತ್ತೆ. ಸ್ಕೂಲಲ್ಲಿ ಅಂಥದ್ದೇನಾದ್ರೂ ನಡೆದಿತ್ತಾ ಇತ್ತೀಚೆಗೆ? ಲಸಿಕೆ, ಕ್ಯಾಂಪು, ಅಂಥದ್ದು?"

ಕೇಳಿಯೇಬಿಟ್ಟರು. ಈ ಪ್ರಶ್ನೆಯನ್ನು ಹನ್ನೊಂದು ದಿನದಿಂದ ಕನಸಿನಲ್ಲಿ ಎಷ್ಟೋ ಬಾಯಲ್ಲಿ ಕೇಳಿಸಿಕೊಂಡಿದ್ದ, ಹುಡುಗಿಯ ಅಪ್ಪನ ಬಾಯಲ್ಲಿ, ಪೊಲೀಸರ ಬಾಯಲ್ಲಿ, ಹೆಂಡತಿಯ ಬಾಯಲ್ಲಿ. ಪ್ರತಿಸಲವೂ ಗಟ್ಟಿಯಾಗಿ ಉತ್ತರ ಕೊಟ್ಟಿದ್ದ. ಈಗ ಬಿಸಿಲಿತ್ತು, ತಾರಸಿಯ ಮೇಲೆ ಯಾರದೋ ಹಳೆಯ ಚಪ್ಪಲಿ ಒಣಗಿ ಸುರುಟಿಕೊಂಡಿತ್ತು, ಕೆಳಗೆ ಏಳನೆಯ ತರಗತಿಯವರು ಮಗ್ಗಿ ಹೇಳುತ್ತಿದ್ದರು. ಹೌದು ಎನ್ನಲು ಎಷ್ಟು ಹೊತ್ತು ಬೇಕು? ಎರಡು ಅಕ್ಷರ. "ಸ್ಕೂಲಲ್ಲಾ?" ಎಂದು ನಕ್ಕ. "ಸ್ಕೂಲಲ್ಲಿ ಏನಿರುತ್ತೆ ಡಾಕ್ಟ್ರೇ? ಪಾಠ, ಪರೀಕ್ಷೆ, ಅಷ್ಟೇ." ಡಾಕ್ಟರು ಬರೆದುಕೊಂಡರು. ತನ್ನ ಸುಳ್ಳು ಇಷ್ಟು ಸಲೀಸಾಗಿ ಕಾಗದಕ್ಕೆ ಇಳಿದುಬಿಡುತ್ತದೆಂದು ಅವನು ಎಣಿಸಿರಲಿಲ್ಲ. ಏಣಿ ಇಳಿಯುವಾಗ ಒಂದು ಮೆಟ್ಟಿಲು ತಪ್ಪಿತು. "ಹುಷಾರು ಸರ್" ಎಂದರು ಡಾಕ್ಟರು ಮೇಲಿನಿಂದ.

ಡಾಕ್ಟರು ಕೈತೊಳೆಯುವ ಜಾಗ, ಶೌಚಾಲಯ ಎಲ್ಲ ನೋಡಿಬರುವಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ತಮ್ಮ ತೀರ್ಮಾನಕ್ಕೆ ಬಂದಾಗಿತ್ತು. ವೀಕ್ಷಣೆ, ಊಹೆ, ನೇರವಾಗಿ ತೀರ್ಮಾನ. ಟ್ಯಾಂಕ್ ತುಂಬಿಸುವ, ತೊಳೆಯುವ ಕೆಲಸ ಆಯಾಳದ್ದು; ಮಕ್ಕಳು ಅವಳನ್ನು ನೀರಕ್ಕ ಎನ್ನುತ್ತಿದ್ದರು. ಆರು ವರ್ಷದಿಂದ ಇದ್ದರೂ ಕೆಲಸ ಖಾಯಂ ಆಗಿರಲಿಲ್ಲ. "ಮುಚ್ಚಳ ತೆಗೆದಿತ್ತು ಅಂತ ನೀವೇ ನೋಡಿದೀರಿ. ಇಲ್ಲೊಂದು ಸಹಿ ಹಾಕಿ. ನಾಳೆ ಹುಡುಗಿ ಅಪ್ಪ ಬಂದು ಕೂಗಾಡಿದ್ರೆ ಏನು ಕ್ರಮ ತಗೊಂಡ್ರಿ ಅಂತ ತೋರಿಸೋಕೆ ಒಂದು ಕಾಗದ ಇರಬೇಕಲ್ಲ." ಟೈಪು ಮಾಡಿದ ಹಾಳೆ, ಆಯಾಳನ್ನು ಕೆಲಸದಿಂದ ಬಿಡಿಸುವುದಕ್ಕೆ. 'ನಿರ್ಲಕ್ಷ್ಯದಿಂದ' ಎಂಬ ಪದದ ಒತ್ತಕ್ಷರ ತಪ್ಪಾಗಿತ್ತು, ಅವನು ಅದನ್ನೇ ನೋಡುತ್ತಿದ್ದ. ಮುಚ್ಚಳ ತೆರೆದಿತ್ತು ಎಂಬುದು ನಿಜವೇ. ನಿಜಕ್ಕೆ ಸಹಿ ಹಾಕುವುದರಲ್ಲಿ ಏನು ತಪ್ಪು? "ರಿಪೋರ್ಟು ಬರಲಿ ಮೇಡಂ..." "ಬರುತ್ತೆ ಬರುತ್ತೆ. ನೀವೇನು ಅವಳ ಪರ ವಕಾಲತ್ತಾ?" ಎಂದರು. ಅವನು ಅಮೀಬಾ ಆದ. ಪೆನ್ನು ಬೇಕೆಂದು ಕೇಳಿದ, ಅವರ ಪೆನ್ನಿನಿಂದಲೇ ಸಹಿ ಹಾಕಿದ, ಪೆನ್ನು ವಾಪಸ್ಸು ಕೊಡುವಾಗ ಥ್ಯಾಂಕ್ಸ್ ಕೂಡ ಹೇಳಿದ.

ಹೊರಗೆ ನೀರಕ್ಕ ಗೋಡೆಗೆ ಒರಗಿ ನಿಂತಿದ್ದಳು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ. ಕೈ ಒಣಗಿಯೇ ಇತ್ತು. ಕಾಗದದ ವಿಷಯ ಅವಳಿಗೆ ಆಗಲೇ ಗೊತ್ತಾಗಿತ್ತು. ಬೈಯುತ್ತಾಳೆ, ಶಾಪ ಹಾಕುತ್ತಾಳೆ, ಆಗಲಿ, ಹಾಕಲಿ ಎಂದು ತಲೆ ತಗ್ಗಿಸಿ ದಾಟಲು ನೋಡಿದ. "ಮೇಷ್ಟ್ರೇ, ಒಂದು ನಿಮಿಷ. ನೀವು ಓದಿದೋರು, ನಿಮಗೆ ಗೊತ್ತಿರುತ್ತೆ. ನನ್ನಿಂದ ಆ ಮಗೂಗೆ ಹಿಂಗಾಯ್ತಾ?" ಅವನು ಆಫೀಸಿನ ಬಾಗಿಲ ಕಡೆ ನೋಡಿದ. "ಕೆಲ್ಸ ಹೋದ್ರೆ ಹೋಗ್ಲಿ, ಎಲ್ಲಾದ್ರೂ ಮುಸುರೆ ತಿಕ್ಕಿ ಬದುಕ್ತೀನಿ. ಆದ್ರೆ ನಂದೇ ತಪ್ಪಾಗಿದ್ರೆ ಹೇಳ್ಬಿಡಿ. ಗೊತ್ತಿಲ್ದೆ ಇರೋಕಾಗಲ್ಲ ಮೇಷ್ಟ್ರೇ. ಅನ್ನ ಸೇರ್ತಿಲ್ಲ." "ನಿಮ್ಮಿಂದ ಅಂತ ಇನ್ನೂ ಸಾಬೀತಾಗಿಲ್ಲ" ಎಂದ. "ಹಂಗಂದ್ರೆ? ನಂದಾ, ಅಲ್ವಾ?" "ಮಧ್ಯಾಹ್ನ ಗೊತ್ತಾಗುತ್ತೆ." ಅವಳು ತಲೆಯಾಡಿಸಿ ಅಲ್ಲೇ ನೆಲದ ಮೇಲೆ ಕೂತಳು, ಮಧ್ಯಾಹ್ನದವರೆಗೆ ಅಲ್ಲೇ ಕೂರುವವಳ ಹಾಗೆ. ಓದು ಬಾರದ ಹೆಂಗಸು ಬಾಗಿಲ ಮುಂದೆ ಕೂತು ಫಲಿತಾಂಶಕ್ಕೆ ಕಾಯುತ್ತಿದ್ದಾಳೆ, ತಾನು ದಂತವೈದ್ಯರನ್ನು ಹುಡುಕಿಕೊಂಡು ಹೋದವನು. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆದರೆ ಹೇಸಿಗೆಗಿಂತ ಭಯ ದೊಡ್ಡದಿತ್ತು.

ಎರಡೂಮುಕ್ಕಾಲಿಗೆ ಫೋನು ಬಂತು. ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ಡಾಕ್ಟರು ಮೊಬೈಲನ್ನು ಕಿವಿಗೆ ಒತ್ತಿ "ಹಾಂ, ಹಾಂ, ಹೇಳಿ" ಎನ್ನುತ್ತಿದ್ದರು. ಅವನು ಕಪಾಟಿಗೆ ಬೆನ್ನು ಕೊಟ್ಟು ನಿಂತಿದ್ದ. ಕುಳಿತರೆ ಏಳಲಾಗುವುದಿಲ್ಲವೆಂದು ಕುಳಿತಿರಲಿಲ್ಲ. ರಕ್ತದ್ದು ಎಂದರೆ ಕೆಲಸ ಹೋಗುತ್ತದೆ. ಕೆಲಸವಲ್ಲ, ಹುಡುಗಿ. ಹುಡುಗಿಯ ಯಕೃತ್ತು. ಹೆಂಡತಿ, ಮಗಳು. ಎಲ್ಲರ ಹೆಸರೂ ಒಂದರ ಮೇಲೊಂದು ಬಿದ್ದವು. "ಎ ಬಗೆಯದು" ಎಂದರು ಡಾಕ್ಟರು ಫೋನು ಕೆಳಗಿಟ್ಟು. "ನೀರು, ಊಟದಿಂದ ಬರೋದು. ರಕ್ತದ್ದಲ್ಲ. ರಜದಲ್ಲಿ ಅವಳ ಚಿಕ್ಕಮ್ಮನ ಮನೇಲಿದ್ದಳಂತೆ, ಅಲ್ಲಿ ಇಬ್ಬರಿಗೆ ಆಗಿತ್ತಂತೆ, ಈಗ ಹೇಳ್ತಿದಾರೆ. ಅಲ್ಲಿಂದ್ಲೇ ಬಂದಿರಬೇಕು. ಹುಡುಗಿ ಹುಷಾರಾಗ್ತಾಳೆ, ಚಿಂತೆ ಇಲ್ಲ." ಅವನ ಬಾಯಿಂದ "ಅಬ್ಬಾ" ಎಂದು ಎಷ್ಟು ಜೋರಾಗಿ ಬಂತೆಂದರೆ ಇಬ್ಬರೂ ತಿರುಗಿ ನೋಡಿದರು. "ನಮ್ಮ ಸರ್‌ಗೆ ಮಕ್ಕಳು ಅಂದ್ರೆ ಜೀವ" ಎಂದರು ಹೆಡ್‌ಮಿಸ್ಟ್ರೆಸ್. "ಹಾಗಾದ್ರೆ ಟ್ಯಾಂಕಿಂದಲ್ಲ?" ಎಂದು ಅವನು ಕೇಳಬೇಕಿತ್ತು. ಕೇಳಲಿಲ್ಲ. ಹೆಡ್‌ಮಿಸ್ಟ್ರೆಸ್ ಆ ಹಾಳೆಯನ್ನು ಫೈಲಿಗೆ ಸೇರಿಸಿ "ಆದ್ರೂ ಆಯಾನ ಬಿಡಿಸಿದ್ದು ಒಳ್ಳೇದೇ ಆಯ್ತು, ಪಾಚಿ ಪಾಚೀನೇ" ಎಂದಾಗಲೂ ಅವನು ನಗುತ್ತಲೇ ಇದ್ದ. ಬಾಯಿ ಮುಚ್ಚಲು ಆಗದಷ್ಟು ಸಂತೋಷವಾಗಿತ್ತು.

ಪ್ರಯೋಗಶಾಲೆಗೆ ಬಂದು ಬಾಗಿಲು ಹಾಕಿಕೊಂಡು ನಲ್ಲಿಗೆ ಬಾಯಿಟ್ಟು ಹೊಟ್ಟೆ ತುಂಬ ನೀರು ಕುಡಿದ. ಅತ್ತ. ಅಳುತ್ತಲೇ ಮುಖ ತೊಳೆದ, ಮತ್ತೆ ನಕ್ಕ. ಸತ್ತು ಹುಟ್ಟಿದ ಹಾಗಾಯಿತು ಎನ್ನುತ್ತಾರಲ್ಲ, ಅದು ಬರೀ ಮಾತಲ್ಲ ಎನ್ನಿಸಿತು. ಇವತ್ತು ಮನೆಗೆ ಹೋಗುವಾಗ ಮಗಳಿಗೆ ಬಿಸ್ಕತ್ತು ಒಯ್ಯಬೇಕು, ಅವಳು ಕಚ್ಚಿದ ಅರ್ಧವನ್ನೇ ತಿನ್ನಬೇಕು. ಕಪಾಟಿನ ಗಾಜಿನೊಳಗೆ ಸ್ಪಿರಿಟ್ಟಿನಲ್ಲಿ ಮುಳುಗಿದ ಮೀನು, ಏಡಿ, ಎರಡು ತಲೆಯ ಕರುವಿನ ಭ್ರೂಣ, ಎಲ್ಲವೂ ಮೊದಲ ಸಲ ಚೆಂದ ಕಂಡವು. ಕಿಟಕಿಯಿಂದ ಗೇಟಿನ ಹತ್ತಿರ ಡಾಕ್ಟರ ಗಾಡಿ ಕಾಣಿಸುತ್ತಿತ್ತು. ಡ್ರೈವರು ಟೈರಿಗೆ ಗಾಳಿ ಹೊಡೆಯುತ್ತಿದ್ದ, ಡಾಕ್ಟರು ಬಾನೆಟ್ಟಿನ ಮೇಲೆ ಫೈಲಿಟ್ಟು ಏನೋ ಬರೆಯುತ್ತಿದ್ದರು. ಹೋಗಲಿ, ಬೇಗ ಹೋಗಲಿ.

ಬಾಗಿಲು ತಟ್ಟಿದ ಸದ್ದಾಯಿತು. 'ಯಾಕೆ'. ಬ್ಯಾಗನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. "ಸರ್, ಅವಳಿಗೆ ನೀರಿನ ಕಾಮಾಲೆ ಅಂತಲ್ಲ ಸರ್? ಆಫೀಸಲ್ಲಿ ಮಾತಾಡ್ತಿದ್ರು." "ಹೌದು ಮರಿ. ಹುಷಾರಾಗ್ತಾಳೆ." ಅವಳು ಒಂದು ದೊಡ್ಡ ಉಸಿರು ಬಿಟ್ಟಳು, ಅವನು ಕೋಣೆಯಲ್ಲಿ ಬಿಟ್ಟಂಥದ್ದೇ. "ಹಾಗಿದ್ರೆ ಸೂಜಿಯಿಂದ ಅಲ್ಲ" ಎಂದಳು.

ಅವನು ಟವೆಲನ್ನು ಮುಖದ ಮೇಲೇ ಹಿಡಿದುಕೊಂಡು ನಿಂತ.

"ನಾನು ಯಾರಿಗೂ ಹೇಳ್ಲಿಲ್ಲ ಸರ್. ಅವಳಾದ್ಮೇಲೆ ನಂಗೇ ಅಲ್ವಾ ಚುಚ್ಚಿದ್ದು, ಅದಕ್ಕೆ ನಂಗೂ ಬರುತ್ತೆ ಅಂದ್ಕೊಂಡಿದ್ದೆ. ಹೋದ ವಾರ ಎರಡು ದಿನ ಜ್ವರ ಬಂದಿತ್ತು ಸರ್. ಅಮ್ಮಂಗೆ ಹೇಳ್ದೆ ಸ್ಕೂಲಿಗೆ ಬಂದೆ. ಹೇಳಿದ್ರೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಾಳೆ, ಅವರು ಎಲ್ಲಾ ಕೇಳ್ತಾರೆ, ಆಮೇಲೆ ನಿಮ್ಮ ಕೆಲ್ಸ ಹೋಗುತ್ತೆ ಅಂತ." ಮಾತು ಒಂದರ ಹಿಂದೆ ಒಂದು ಉರುಳಿ ಬರುತ್ತಿತ್ತು, ಎಷ್ಟೋ ದಿನ ಕಟ್ಟಿಹಾಕಿದ್ದು. "ಇವತ್ತು ಕ್ಲಾಸಲ್ಲಿ ಅದಕ್ಕೇ ಕೇಳಿದ್ದು ಸರ್. ನೀವು ಬೈದ್ರಿ. ಈಗ ಎಲ್ಲಾ ಸರಿಹೋಯ್ತಲ್ಲ ಸರ್? ಅವಳ ರಕ್ತದಲ್ಲಿ ಅದಿಲ್ಲ. ಅವಳಿಗಿಂತ ಮೊದ್ಲು ಆ ಸೂಜಿ ಚುಚ್ಕೊಂಡಿದ್ದು ನೀವು. ನಿಮ್ಮದು ಹೇಗೂ ಚೆನ್ನಾಗೇ ಇರುತ್ತೆ. ಸರ್ ರಕ್ತ ಅಲ್ವಾ." ಎಂದು ನಕ್ಕಳು.

ಅವನು ಟವೆಲು ಇಳಿಸಿದ. ಹದಿನಾಲ್ಕು ವರ್ಷದ ಮುಖ, ಹಣೆಯಲ್ಲಿ ಎರಡು ಮೊಡವೆ, ತನ್ನ ಮೇಲೆ ನೆಟ್ಟ ಕಣ್ಣು. ಜ್ವರ ಬಂದಾಗ ತಾಯಿಗೂ ಹೇಳದೆ ಬೆಂಚಿನ ಮೇಲೆ ಕೂತು ತನ್ನ ಪಾಠ ಬರೆದುಕೊಂಡವಳು. ತನ್ನ ಗುಟ್ಟನ್ನು ತಾನೊಬ್ಬನೇ ಹೊತ್ತಿದ್ದೇನೆ ಎಂದುಕೊಂಡಿದ್ದ. ತನಗಿಂತ ಹೆಚ್ಚು ಇವಳು ಹೊತ್ತಿದ್ದಳು, ತನಗಾಗಿ ಹೊತ್ತಿದ್ದಳು. ಮಧ್ಯಾಹ್ನ ಬಂದ ವರದಿ ಆ ಹುಡುಗಿಯ ರಕ್ತದ್ದು, ಅವಳಿಗೆ ಈಗ ಇರುವ ಕಾಯಿಲೆ ಯಾವ ಬಗೆಯದೆಂದು ಮಾತ್ರ ಹೇಳಿದ ವರದಿ. ತನ್ನ ರಕ್ತದ ಬಗ್ಗೆ ಅದು ಒಂದಕ್ಷರವನ್ನೂ ಹೇಳಿರಲಿಲ್ಲ. ಆರು ತಿಂಗಳು ಇನ್ನೂ ಮುಗಿದಿರಲಿಲ್ಲ. ಏನೂ ಇಲ್ಲ ಮರಿ, ಹೋಗು ಎಂದರೆ ಮುಗಿಯಿತು. ಇವಳು ಒಬ್ಬಳೇ ಸಾಕ್ಷಿ, ಇವಳು ನಂಬುತ್ತಾಳೆ, ಡಾಕ್ಟರ ಗಾಡಿ ಹೋಗಿಬಿಡುತ್ತದೆ. ಯಾರಿಗೂ ಎಂದಿಗೂ ಗೊತ್ತಾಗುವುದಿಲ್ಲ. ಗೊತ್ತಾದರೆ, ಇವಳಿಗೇ, ಎಷ್ಟೋ ವರ್ಷದ ಮೇಲೆ, ಯಾವುದೋ ಆಸ್ಪತ್ರೆಯಲ್ಲಿ.

"ಸರ್, ಇನ್ನೇನೂ ಭಯ ಇಲ್ಲ ಅಲ್ವಾ ಸರ್?"

"ಗೊತ್ತಿಲ್ಲ" ಎಂದ.

ಅವಳಿಗೆ ಕೇಳಿಸಲಿಲ್ಲವೋ ಏನೋ, ನಗು ಹಾಗೇ ಇತ್ತು.

"ಗೊತ್ತಿಲ್ಲ ಮರಿ. ನನಗೆ ಚಿಕ್ಕವನಿದ್ದಾಗ ಕಾಮಾಲೆ ಆಗಿತ್ತು. ಯಾವುದು ಅಂತ ನಾನು ಯಾವತ್ತೂ ನೋಡಿಸಿಲ್ಲ. ನನ್ನ ರಕ್ತ ಚೆನ್ನಾಗಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಹೆದರಿಕೆ ಆಗಿ ಸುಮ್ಮನಿದ್ದೆ. ತಪ್ಪು ಮಾಡಿದೆ."

ನಗು ಒಮ್ಮೆಲೇ ಹೋಗಲಿಲ್ಲ. ಮೊದಲು ಕಣ್ಣಿನಿಂದ ಹೋಯಿತು, ತುಟಿಯಲ್ಲಿ ಸ್ವಲ್ಪ ಹೊತ್ತು ಉಳಿದಿತ್ತು. ಹನ್ನೊಂದು ದಿನದಿಂದ ತನ್ನೊಳಗೆ ಇದ್ದದ್ದು ಆ ಪುಟ್ಟ ಮುಖಕ್ಕೆ ಇಳಿಯುವುದನ್ನು ಅವನು ನಿಂತು ನೋಡಿದ; ಅಲ್ಲಿಂದ ಕಣ್ಣು ತೆಗೆಯುವ ಹಕ್ಕು ತನಗಿಲ್ಲವೆನ್ನಿಸಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ, ತಾನು ಏನು ಮಾಡುತ್ತಿದ್ದೇನೆಂದು ತನಗೇ ತಿಳಿಯದೆ, ಎಡಗೈಯ ಬೆರಳನ್ನು ಯೂನಿಫಾರಂ ಲಂಗಕ್ಕೆ ಒರೆಸಿಕೊಂಡಳು. ಮತ್ತೊಮ್ಮೆ ಒರೆಸಿಕೊಂಡಳು.

"ಅಮ್ಮಂಗೆ ಹೇಳ್ಬೇಕಾ ಸರ್?"

"ನಾನೇ ಹೇಳ್ತೀನಿ. ಮೊದ್ಲು ಡಾಕ್ಟ್ರಿಗೆ ಹೇಳೋಣ, ಇನ್ನೂ ಗೇಟಲ್ಲೇ ಇದ್ದಾರೆ. ಬೇಗ ಗೊತ್ತಾದ್ರೆ ಮಾಡೋಕೆ ತುಂಬಾ ಇದೆ. ಎರಡು ಜಡೆಯವಳು ಕ್ಲಾಸಲ್ಲಿದಾಳಾ?" ಅವಳು ತಲೆಯಾಡಿಸಿದಳು. "ಅವಳನ್ನೂ ಕರಿ."

ಕಾರಿಡಾರಿನಲ್ಲಿ ಹೆಡ್‌ಮಿಸ್ಟ್ರೆಸ್ "ಎಲ್ಲಿಗೆ ಸರ್ ಮಕ್ಕಳನ್ನ ಕರ್ಕೊಂಡು?" ಎಂದರು. ಆ ಸಹಿಯ ಮಾತೂ ಆಡುವುದಿತ್ತು, ಆದರೆ ಅದು ಆಮೇಲೆ, ಅವನು ನಿಲ್ಲಲಿಲ್ಲ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಗಾಡಿಯ ಎಂಜಿನು ಶುರುವಾಗಿತ್ತು. "ಡಾಕ್ಟ್ರೇ" ಎಂದು ಕೂಗಿ ಕೈ ಎತ್ತಿದ. ಅವರು ತಿರುಗಿ ನೋಡಿ, ಡ್ರೈವರಿಗೆ ಏನೋ ಹೇಳಿ ನಿಂತರು. ಅವನು ಮೈದಾನಕ್ಕೆ ಇಳಿದ. ಹುಡುಗಿಯರಿಬ್ಬರೂ ಬರುತ್ತಿದ್ದಾರೆಯೇ ಎಂದು ಒಮ್ಮೆ ಹಿಂತಿರುಗಿ ನೋಡಿದ. ಬರುತ್ತಿದ್ದರು; ಆದರೆ ಯಾವಾಗಲೂ ಪ್ರಶ್ನೆ ಕೇಳುತ್ತ ಅವನ ಮೊಣಕೈಗೇ ಅಂಟಿಕೊಂಡು ನಡೆಯುತ್ತಿದ್ದವಳು ಈಗ ಆರೇಳು ಹೆಜ್ಜೆ ದೂರ ಬಿಟ್ಟು, ಇನ್ನೊಬ್ಬಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬರುತ್ತಿದ್ದಳು.